ಹೊಳಪಿನ ಕೆಳಗೆ

ಕಬ್ಬಿಣಕ್ಕೆ ಹಿಡಿಯುವುದನ್ನು ನಾವು ತುಕ್ಕು ಎನ್ನುತ್ತೇವೆ. ತಾಮ್ರ, ಹಿತ್ತಾಳೆ, ಕಂಚುಗಳಿಗೆ ಹಿಡಿಯುವುದನ್ನು ಕಿಲುಬು ಎನ್ನುತ್ತೇವೆ. ಎರಡಕ್ಕೂ ಬೇರೆ ಬೇರೆ ಹೆಸರಿಟ್ಟ ನಮ್ಮ ಹಿರಿಯರು ವಸ್ತುಗಳನ್ನು ಕಣ್ಣಿಟ್ಟು ನೋಡಿದವರಾಗಿರಬೇಕು. ಕಿಲುಬು ಹೆಚ್ಚಾಗಿ ಪಾತ್ರೆಯ ಮೈಮೇಲೆ ತೆಳುವಾಗಿ ಕುಳಿತುಕೊಳ್ಳುತ್ತದೆ. ಹುಣಿಸೆಹಣ್ಣು ಹಾಕಿ ತಿಕ್ಕಿದರೆ ಬಿಟ್ಟುಹೋಗುತ್ತದೆ, ಪಾತ್ರೆ ಮತ್ತೆ ನೂರು ವರ್ಷ ಬಾಳುತ್ತದೆ. ತುಕ್ಕು ಅಂಥದಲ್ಲ. ಅದು ಮೈಮೇಲೆ ನಿಲ್ಲದೆ ಒಳಗಿಳಿಯುತ್ತದೆ. ಇಳಿದ ಕಡೆ ಕಬ್ಬಿಣವೇ ಇಲ್ಲದಂತೆ ಮಾಡುತ್ತದೆ. ಈ ಭೇದವನ್ನು ನಾನು ವಿದ್ಯಾರ್ಥಿದೆಸೆಯಲ್ಲಿ ಪುಸ್ತಕದಿಂದ ಕಲಿತಿದ್ದೆನಾದರೂ, ಅದರ ಅರ್ಥ ತಿಳಿದದ್ದು ಬಹಳ ವರ್ಷಗಳ ಮೇಲೆ, ಒಂದು ಮೋಟಾರ್ ಸೈಕಲ್ಲಿನಿಂದ.

ಆಗ ನಾನು ಗುಬ್ಬಿಯಲ್ಲಿ ಕನ್ನಡ ಅಧ್ಯಾಪಕನಾಗಿದ್ದೆ. ಮನೆ ತುಮಕೂರಿನಲ್ಲಿ. ನಡುವೆ ಸುಮಾರು ೨೦ ಕಿಲೋಮೀಟರು ದಾರಿ. ಬಸ್ಸಿಗೆ ಕಾದು ಬೇಸತ್ತು, ಒಬ್ಬರು ಬಳಸಿದ್ದ ಯೆಜ್ಡಿ ಮೋಟಾರ್ ಸೈಕಲ್ಲೊಂದನ್ನು ಕೊಂಡುಕೊಂಡೆ. ಅದು ನಮ್ಮ ಮೈಸೂರಿನಲ್ಲಿಯೇ ತಯಾರಾದ ಬಂಡಿ. ಐಡಿಯಲ್ ಜಾವಾ ಎಂಬ ಕಾರ್ಖಾನೆ ಅಲ್ಲಿ ೧೯೬೧ರಿಂದ ೧೯೯೬ರವರೆಗೆ ಮೋಟಾರ್ ಸೈಕಲ್ಲುಗಳನ್ನು ತಯಾರಿಸಿತು. ಮೊದಲು ಚೆಕೊಸ್ಲೊವಾಕಿಯಾ ದೇಶದ ಕಂಪನಿಯ ಸಹಕಾರದಿಂದ ಜಾವಾ ಎಂಬ ಹೆಸರಿನಲ್ಲಿ, ೧೯೭೦ರ ದಶಕದಿಂದ ಯೆಜ್ಡಿ ಎಂಬ ಹೆಸರಿನಲ್ಲಿ. ಕಾರ್ಖಾನೆ ಮುಚ್ಚಿ ದಶಕಗಳೇ ಕಳೆದರೂ ಅದರ ಬಂಡಿಗಳು ತುಮಕೂರು ಜಿಲ್ಲೆಯ ರಸ್ತೆಗಳಲ್ಲಿ ಇನ್ನೂ ಆಗಾಗ ಕಾಣಸಿಗುತ್ತವೆ. ಅವುಗಳಲ್ಲಿ ಕೆಲವು ಇಂದಿಗೂ ಕನ್ನಡಿಯಂತೆ ಹೊಳೆಯುತ್ತವೆ, ಕೆಲವು ಮೂಲೆಯಲ್ಲಿ ಬಿದ್ದು ಕೆಂಪು ಪುಡಿಯಾಗಿವೆ. ಬಂಡಿ ಒಂದೇ, ಕಾರ್ಖಾನೆ ಒಂದೇ, ಕಬ್ಬಿಣವೂ ಒಂದೇ. ವ್ಯತ್ಯಾಸವೆಲ್ಲಾ ಇಟ್ಟುಕೊಂಡವರಲ್ಲಿ.

ನಾನಾದರೋ ನನ್ನ ಬಂಡಿಯನ್ನು ಚೆನ್ನಾಗಿ ಇಟ್ಟುಕೊಂಡವರ ಸಾಲಿಗೆ ಸೇರಿದವನೆಂದೇ ಭಾವಿಸಿದ್ದೆ. ಪ್ರತಿ ಭಾನುವಾರ ಬೆಳಿಗ್ಗೆ ಎರಡು ಬಕೆಟ್ಟು ನೀರು, ಒಂದು ಹಳೆಯ ಪಂಚೆಯ ತುಂಡು, ಸ್ವಲ್ಪ ಕೊಬ್ಬರಿ ಎಣ್ಣೆ ಇಟ್ಟುಕೊಂಡು ಅಂಗಳದಲ್ಲಿ ಕೂರುತ್ತಿದ್ದೆ. ಟ್ಯಾಂಕು, ಹ್ಯಾಂಡಲ್ಲು, ದೀಪದ ಸುತ್ತಲಿನ ಬಳೆ, ಸೈಲೆನ್ಸರು ಇವುಗಳನ್ನು ಮುಖ ಕಾಣುವವರೆಗೂ ಉಜ್ಜುತ್ತಿದ್ದೆ. ಶಾಲೆಯ ಹುಡುಗರು ಸುತ್ತ ನಿಂತು ನೋಡುತ್ತಿದ್ದರೆ ಮನಸ್ಸಿಗೆ ಹಿತವೆನಿಸುತ್ತಿದ್ದುದು ಸುಳ್ಳಲ್ಲ.

ಒಂದು ಕಾರ್ತಿಕಮಾಸದಲ್ಲಿ, ಮಳೆಗಾಲ ಆಗತಾನೆ ಮುಗಿದಿತ್ತು, ಒಂಬತ್ತನೆಯ ತರಗತಿಯ ಹುಡುಗನೊಬ್ಬನನ್ನು ಚರ್ಚಾಸ್ಪರ್ಧೆಗೆಂದು ಹಿಂದೆ ಕೂರಿಸಿಕೊಂಡು ತುಮಕೂರಿನಿಂದ ಕುಣಿಗಲ್ಲಿಗೆ ಹೊರಟೆ. ಗೂಳೂರು ದಾಟಿ ಹೆಬ್ಬೂರಿನ ಕಡೆಗೆ ಹೋಗುತ್ತಿರುವಾಗ ರಸ್ತೆಯ ತಿರುವಿನಲ್ಲಿ ಕುರಿಯ ಮಂದೆ ಅಡ್ಡಬಂದಿತು. ಮುಂದಿನ ಬ್ರೇಕನ್ನು ಹಿಡಿದೆ. ಕೈಯಲ್ಲಿ 'ಟಕ್' ಎಂಬ ಸದ್ದು; ಮರುಕ್ಷಣ ಬ್ರೇಕಿನ ಹಿಡಿಕೆ ಏನೂ ಭಾರವಿಲ್ಲದೆ ಹ್ಯಾಂಡಲ್ಲಿಗೆ ತಗುಲಿಕೊಂಡಿತು. ಕಾಲಿನ ಬ್ರೇಕನ್ನು ತುಳಿದು, ಬಂಡಿಯನ್ನು ರಸ್ತೆಯ ಪಕ್ಕದ ಮಣ್ಣಿಗೆ ಇಳಿಸಿದೆ. ಬಂಡಿ ಅಡ್ಡಾದಿಡ್ಡಿಯಾಗಿ ಜಾರಿ, ಒಂದು ಹೊಂಗೆಯ ಮರದಿಂದ ಎರಡು ಮಾರು ದೂರದಲ್ಲಿ ನಿಂತಿತು. ಹುಡುಗನಿಗೆ ಏನೂ ಆಗಲಿಲ್ಲ. ಅವನು ಇಳಿದು, ಚೆಲ್ಲಿಹೋದ ತನ್ನ ಭಾಷಣದ ಹಾಳೆಗಳನ್ನು ಆಯ್ದುಕೊಂಡು, "ಸಾರ್, ಬಸ್ಸಿಗೆ ಹೋಗೋಣವಾ?" ಎಂದು ಮೆಲ್ಲನೆ ಕೇಳಿದ. ಬಸ್ಸಿಗೇ ಹೋದೆವು.

ಮರುದಿನ ಬಂಡಿಯನ್ನು ರಿಪೇರಿಗೆ ಒಯ್ದಾಗ ಅಲ್ಲಿಯ ಹಿರಿಯ ಮೆಕ್ಯಾನಿಕರು ತುಂಡಾದ ಕೇಬಲ್ಲನ್ನು ಅದರ ಕೊಳವೆಯಿಂದ ಎಳೆದು ತೆಗೆದರು. ಬ್ರೇಕಿನ ಕೇಬಲ್ಲು ಹೊರಗಿನಿಂದ ಒಂದೇ ತಂತಿಯಂತೆ ಕಂಡರೂ ಅದು ತೆಳುವಾದ ಉಕ್ಕಿನ ಎಳೆಗಳನ್ನು ಹುರಿಗೊಳಿಸಿ ಮಾಡಿದ ಹಗ್ಗ. ಅವರು ತುದಿಯನ್ನು ಬಿಡಿಸಿ ಎಳೆಗಳನ್ನು ಹರಡಿದರು. ಒಟ್ಟು ಹತ್ತೊಂಬತ್ತು ಎಳೆ. ಹನ್ನೊಂದರ ತುದಿಗಳು ಕಂದುಗಪ್ಪಾಗಿದ್ದವು. ಎಂಟರ ತುದಿಗಳು ಮಾತ್ರ ಬೆಳ್ಳಗೆ ಹೊಳೆಯುತ್ತಿದ್ದವು.

"ಮೇಷ್ಟ್ರೇ, ಈ ಕರ್ರಗಿರೋ ಎಳೆಗಳು ನಿನ್ನೆ ಕಿತ್ತಿದ್ದಲ್ಲ. ಮಳೆಗಾಲದಲ್ಲೇ ಒಂದೊಂದಾಗಿ ಕಿತ್ತಿವೆ. ನಿನ್ನೆ ಕಿತ್ತಿದ್ದು ಈ ಎಂಟು ಮಾತ್ರ. ಇಷ್ಟು ದಿನ ನೀವು ಎಂಟೇ ಎಳೆ ನಂಬ್ಕೊಂಡು ಓಡಾಡಿದ್ದೀರಿ" ಎಂದರು. ಆಮೇಲೆ ಬಂಡಿಯನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, "ನೀವು ಬರೀ ಮುಖ ತೊಳೆದಿದ್ದೀರಿ" ಎಂದರು.

ಆ ಮಾತು ನನ್ನನ್ನು ಚುಚ್ಚಿತು. ಹೊಳಪು ಎಂದರೆ ಅಲಂಕಾರವೆಂದು ನಾನು ತಿಳಿದಿದ್ದೆ. ಹಾಗಲ್ಲ, ಬಣ್ಣ, ಕ್ರೋಮಿಯಂ, ಎಣ್ಣೆ ಇವೆಲ್ಲ ಕಬ್ಬಿಣಕ್ಕೆ ತೊಡಿಸಿದ ಕವಚ. ಕವಚದ ಎದೆಯ ಭಾಗವನ್ನು ಬೆಳಗಿ, ಕಂಕುಳಿನ ಭಾಗ ಹರಿದಿರುವುದನ್ನು ಗಮನಿಸದ ಯೋಧನಂತೆ ನಾನಿದ್ದೆ. ಕಬ್ಬಿಣಕ್ಕೆ ಈ ಕವಚವೇಕೆ ಬೇಕು ಎಂಬುದನ್ನು ಮೊದಲು ನೋಡೋಣ.

ಕಬ್ಬಿಣವು ನಿಸರ್ಗದಲ್ಲಿ ಕಬ್ಬಿಣವಾಗಿಯೇ ಸಿಗುವುದು ಅಪರೂಪ. ಅದು ಆಮ್ಲಜನಕದೊಡನೆ ಬೆರೆತು ಅದಿರಾಗಿ ನೆಲದಲ್ಲಿ ಹುದುಗಿರುತ್ತದೆ. ಗುಬ್ಬಿಯ ನೆರೆಯ ಚಿಕ್ಕನಾಯಕನಹಳ್ಳಿಯ ಗುಡ್ಡಗಳಲ್ಲಿ ಇಂಥ ಅದಿರಿದೆ. ೧೯೨೩ರಲ್ಲಿ ಕಬ್ಬಿಣ ತೆಗೆಯಲಾರಂಭಿಸಿದ ಭದ್ರಾವತಿಯ ಕಾರ್ಖಾನೆಗೆ ಅದಿರು ಬರುತ್ತಿದ್ದುದು ಕೆಮ್ಮಣ್ಣುಗುಂಡಿಯಿಂದ. ಆ ಊರಿನ ಹೆಸರನ್ನೇ ಗಮನಿಸಿರಿ: ಕೆಂಪು ಮಣ್ಣಿನ ಗುಂಡಿ. ಆ ಮಣ್ಣಿನ ಕೆಂಪು ಕಬ್ಬಿಣದ ಆಕ್ಸೈಡಿನ ಕೆಂಪು. ನಿಮ್ಮ ಮನೆಯ ಬಾಗಿಲ ಚಿಲಕದ ಮೇಲಿರುವ ತುಕ್ಕಿನ ಕೆಂಪೂ ಅದರ ಬಂಧುವೇ. ಭದ್ರಾವತಿಯ ಊದುಕುಲುಮೆಯಲ್ಲಿ ಮೊದಮೊದಲು ಇದ್ದಿಲನ್ನು ಉರಿಸಿ ಅದಿರಿನಿಂದ ಆಮ್ಲಜನಕವನ್ನು ಬಲವಂತವಾಗಿ ಬಿಡಿಸುತ್ತಿದ್ದರು. ಹಾಗೆ ಅಪಾರ ಶಾಖವನ್ನು ವ್ಯಯಮಾಡಿ ಬಿಡಿಸಿದ ಆಮ್ಲಜನಕವನ್ನು ಕಬ್ಬಿಣವು ಅವಕಾಶ ಸಿಕ್ಕಿದೊಡನೆ ಮರಳಿ ಸೇರಿಸಿಕೊಳ್ಳಲು ನೋಡುತ್ತದೆ. ತುಕ್ಕು ಹಿಡಿಯುವುದೆಂದರೆ ಕಬ್ಬಿಣವು ತನ್ನ ತವರಾದ ಕೆಮ್ಮಣ್ಣಿಗೆ ಹಿಂದಿರುಗುವುದು.

ಈ ಪಯಣಕ್ಕೆ ಗಾಳಿಯೊಂದೇ ಸಾಲದು, ನೀರೊಂದೇ ಸಾಲದು, ಎರಡೂ ಬೇಕು. ಕುದಿಸಿ ಗಾಳಿಯನ್ನು ಹೊರಡಿಸಿದ ನೀರಿನಲ್ಲಿ, ಮೇಲೆ ಎಣ್ಣೆಯ ಪದರ ನಿಲ್ಲಿಸಿ, ಮೊಳೆಯನ್ನು ಮುಳುಗಿಸಿಟ್ಟರೆ ಅದು ಬಹುಕಾಲ ಹಾಗೆಯೇ ಇರುತ್ತದೆ. ಒಣಗಾಳಿಯಲ್ಲಿಟ್ಟ ಮೊಳೆಯೂ ಹಾಗೆಯೇ. ಅರ್ಧ ನೀರಿನಲ್ಲಿ, ಅರ್ಧ ಗಾಳಿಯಲ್ಲಿ ಇಟ್ಟದ್ದು ಕೆಲವೇ ದಿನಗಳಲ್ಲಿ ಕೆಂಪಾಗುತ್ತದೆ. ಈ ಪ್ರಯೋಗವನ್ನು ನೀವು ವಿಜ್ಞಾನದ ತರಗತಿಯಲ್ಲಿ ಮಾಡಿರುತ್ತೀರಿ. ಆದರೆ ಇಲ್ಲಿ ಒಂದು ಸೂಕ್ಷ್ಮವಿದೆ. ಶುದ್ಧವಾದ ಉಕ್ಕಿನ ತಗಡಿನ ಮೇಲೆ ಒಂದು ಹನಿ ಉಪ್ಪುನೀರು ಇಟ್ಟು ನೋಡಿದರೆ, ಲೋಹ ಕರಗುವುದು ಹನಿಯ ಅಂಚಿನಲ್ಲಲ್ಲ, ನಟ್ಟನಡುವೆ. ಇದನ್ನು ಕಳೆದ ಶತಮಾನದಲ್ಲಿ ಇಂಗ್ಲೆಂಡಿನ ವಿಜ್ಞಾನಿ ಯು. ಆರ್. ಇವಾನ್ಸ್ ಅವರು ತೋರಿಸಿಕೊಟ್ಟರು. ಅಂಚಿನಲ್ಲಿ ನೀರು ತೆಳುವಾಗಿರುವುದರಿಂದ ಗಾಳಿಯ ಆಮ್ಲಜನಕ ಅಲ್ಲಿ ಸುಲಭವಾಗಿ ಇಳಿಯುತ್ತದೆ. ನಡುವೆ ಅಷ್ಟು ಇಳಿಯದು. ಆಮ್ಲಜನಕ ಕಡಿಮೆಯಿರುವ ನಡುಭಾಗದ ಕಬ್ಬಿಣ ಕರಗುತ್ತಾ ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುತ್ತದೆ. ಅವು ಲೋಹದ ಮೂಲಕವೇ ಅಂಚಿಗೆ ಹರಿದು ಅಲ್ಲಿಯ ಆಮ್ಲಜನಕವನ್ನು ಸೇರುತ್ತವೆ. ಹೀಗೆ ಒಂದು ಹನಿ ನೀರು ಒಂದು ಪುಟ್ಟ ವಿದ್ಯುತ್ಕೋಶವಾಗುತ್ತದೆ.

ಇದರಿಂದ ತಿಳಿಯುವುದೇನು? ಎಲ್ಲಿ ತೇವವಿದ್ದು ಗಾಳಿ ಚೆನ್ನಾಗಿ ಆಡುವುದಿಲ್ಲವೋ ಅಲ್ಲಿಯೇ ಕಬ್ಬಿಣ ಹೆಚ್ಚಾಗಿ ಸವೆಯುತ್ತದೆ. ಮಡ್ಗಾರ್ಡಿನ ಒಳಮೈಗೆ ಅಂಟಿದ ಹಸಿ ಕೆಸರಿನ ಕೆಳಗೆ, ನಟ್ಟು ಬೋಲ್ಟುಗಳ ಸಂದಿಯಲ್ಲಿ, ನಂಬರ್ ಪ್ಲೇಟಿನ ಹಿಂದೆ, ಕೇಬಲ್ಲಿನ ಕೊಳವೆಯೊಳಗೆ. ಟ್ಯಾಂಕಿನ ಮೇಲೆ ಬಿದ್ದ ಮಳೆಹನಿ ಬಿಸಿಲಿಗೆ ಆರಿಹೋಗುತ್ತದೆ. ಸಂದಿಗೆ ಇಳಿದದ್ದು ಆರುವುದಿಲ್ಲ. ನಾನು ಉಜ್ಜುತ್ತಿದ್ದುದು ತಾನಾಗಿಯೇ ಒಣಗುವ ಭಾಗಗಳನ್ನು. ಬಿಟ್ಟಿದ್ದುದು ಎಂದಿಗೂ ಒಣಗದ ಭಾಗಗಳನ್ನು.

ಹೊಳೆಯುವ ಬಣ್ಣ ಎಷ್ಟು ದೊಡ್ಡ ಅಪಾಯವನ್ನು ಮರೆಮಾಡಬಲ್ಲದು ಎಂಬುದಕ್ಕೆ ಅಮೆರಿಕದ ಒಂದು ಸೇತುವೆಯ ಕಥೆ ಸಾಕ್ಷಿ. ಒಹಾಯೊ ನದಿಗೆ ೧೯೨೮ರಲ್ಲಿ ಕಟ್ಟಿದ್ದ ಆ ಸೇತುವೆಗೆ ಅಲ್ಯೂಮಿನಿಯಂ ಬಣ್ಣ ಬಳಿದಿದ್ದುದರಿಂದ ಜನ ಅದನ್ನು ಸಿಲ್ವರ್ ಬ್ರಿಡ್ಜ್, ಅಂದರೆ ಬೆಳ್ಳಿಯ ಸೇತುವೆ ಎಂದು ಕರೆಯುತ್ತಿದ್ದರು. ೧೯೬೭ರ ಡಿಸೆಂಬರ್ ೧೫ರ ಸಂಜೆ ಅದು ವಾಹನಗಳ ಸಮೇತ ನದಿಗೆ ಕುಸಿಯಿತು. ೪೬ ಜನ ಸತ್ತರು. ನೀರಿನಿಂದ ಎತ್ತಿದ ಉಕ್ಕಿನ ತುಂಡುಗಳನ್ನು ಜೋಡಿಸಿ ಪರೀಕ್ಷಿಸಿದಾಗ, ಸೇತುವೆಯನ್ನು ಹಿಡಿದಿದ್ದ ಸರಪಳಿಯ ಒಂದೇ ಒಂದು ಕೊಂಡಿಯಲ್ಲಿ, ಕೀಲಿನ ಒಳಗಡೆ, ಸುಮಾರು ಎರಡೂವರೆ ಮಿಲಿಮೀಟರು ಆಳದ ಬಿರುಕು ಕಂಡುಬಂದಿತು. ತುಕ್ಕು ಮತ್ತು ಎಳೆತ ಎರಡೂ ಸೇರಿ ಹಲವು ವರ್ಷಗಳಲ್ಲಿ ಅದನ್ನು ಬೆಳೆಸಿದ್ದವು. ಕೀಲನ್ನು ಬಿಚ್ಚದೆ ಹೊರಗಿನಿಂದ ನೋಡಿದವರಿಗೆ ಅದು ಕಾಣುವಂತಿರಲಿಲ್ಲ. ಈ ವೃತ್ತಾಂತವನ್ನು ಓದಿದಾಗ ನನಗೆ ನನ್ನ ಹನ್ನೊಂದು ಕಪ್ಪು ಎಳೆಗಳು ನೆನಪಾದವು.

ಇನ್ನು ಕವಚಗಳ ವಿಚಾರ. ಎಲ್ಲಾ ಕವಚಗಳೂ ಒಂದೇ ಬಗೆಯವಲ್ಲ. ಅವುಗಳ ಸ್ವಭಾವ ತಿಳಿಯದೆ ಮಾಡುವ ಆರೈಕೆ ಕೆಲವೊಮ್ಮೆ ಕೇಡನ್ನೇ ತರುತ್ತದೆ.

ಬಣ್ಣವು ನೀರು ಗಾಳಿಗಳನ್ನು ಕಬ್ಬಿಣದಿಂದ ದೂರ ಇಡುವ ಗೋಡೆ. ಗೋಡೆಯಲ್ಲಿ ಒಂದು ಬಿರುಕು ಬಿಟ್ಟರೂ ಸಾಕು. ತುಕ್ಕಿಗೆ ತಾನು ತಿಂದ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಹೆಚ್ಚು ಜಾಗ ಬೇಕು. ಆದುದರಿಂದ ಅದು ಗೀರಿನ ಪಕ್ಕದ ಬಣ್ಣವನ್ನು ಕೆಳಗಿನಿಂದ ಎತ್ತುತ್ತದೆ. ಎತ್ತಿದ ಸಂದಿಗೆ ಮತ್ತಷ್ಟು ನೀರು ಇಳಿಯುತ್ತದೆ. ಬಣ್ಣದ ಮೇಲೆ ಸಣ್ಣ ಗುಳ್ಳೆ ಕಂಡರೆ, ಅದರ ಕೆಳಗೆ ಕೆಲಸ ಬಹಳ ದಿನದಿಂದ ನಡೆದಿದೆ ಎಂದೇ ತಿಳಿಯಬೇಕು. ಗುಳ್ಳೆಯ ಮೇಲೆಯೇ ಹೊಸ ಬಣ್ಣ ಬಳಿಯುವುದು ಗಾಯವನ್ನು ತೊಳೆಯದೆ ಪಟ್ಟಿ ಕಟ್ಟಿದಂತೆ.

ಕ್ರೋಮಿಯಂ ಲೇಪದ ಹೊಳಪು ನಮ್ಮನ್ನು ಇನ್ನೂ ಹೆಚ್ಚು ಮೋಸಗೊಳಿಸುತ್ತದೆ. ಸೈಲೆನ್ಸರು, ಹ್ಯಾಂಡಲ್ಲು, ಚಕ್ರದ ರಿಮ್ಮು ಇವುಗಳ ಮೇಲಿರುವ ಕ್ರೋಮಿಯಂ ಪದರ ಸಾಮಾನ್ಯವಾಗಿ ತಲೆಗೂದಲಿನ ದಪ್ಪದ ನೂರನೆಯ ಒಂದು ಭಾಗಕ್ಕಿಂತಲೂ ತೆಳು. ನಿಜವಾಗಿ ಕಬ್ಬಿಣವನ್ನು ಕಾಯುತ್ತಿರುವುದು ಅದರ ಕೆಳಗಿರುವ ನಿಕ್ಕಲ್ಲಿನ ಪದರ. ಕ್ರೋಮಿಯಂ ಆ ನಿಕ್ಕಲ್ಲು ಮಂಕಾಗದಂತೆ, ಗೀರುಬೀಳದಂತೆ ನೋಡಿಕೊಳ್ಳುತ್ತದೆ. ಈ ಲೇಪದಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ. ನೀರು ಅಲ್ಲಿಂದ ಕಬ್ಬಿಣವನ್ನು ಮುಟ್ಟಿತೆಂದರೆ, ನಿಕ್ಕಲ್ಲು ಉಳಿದು ಕಬ್ಬಿಣವೇ ಮೊದಲು ಕರಗುತ್ತದೆ. ಸತುವಿನ ಗುಣ ಇದಕ್ಕೆ ತದ್ವಿರುದ್ಧ. ಮನೆಯ ಮಾಡಿಗೆ ಹೊದಿಸುವ ತಗಡಿನ ಮೇಲೆ, ಬಂಡಿಯ ಎಷ್ಟೋ ನಟ್ಟು ಬೋಲ್ಟುಗಳ ಮೇಲೆ ಸತುವಿನ ಲೇಪವಿರುತ್ತದೆ. ಅದರ ಮೇಲೆ ಗೀರು ಬಿದ್ದರೆ ಸತುವು ತಾನು ಕರಗಿ ಕಬ್ಬಿಣವನ್ನು ಉಳಿಸುತ್ತದೆ. ಹೊಳೆಯುವ ನಿಕ್ಕಲ್ಲಿಗಿಂತ ಮಂಕಾದ ಸತುವು ದೊಡ್ಡ ಮನಸ್ಸಿನದು ಎಂದು ನನಗೆ ಅನ್ನಿಸುವುದುಂಟು.

ಎಂಜಿನ್ನಿನ ಹೊರಮೈ ಅಲ್ಯೂಮಿನಿಯಮ್ಮಿನದು. ಅದಕ್ಕೆ ಕೆಂಪು ತುಕ್ಕು ಹಿಡಿಯುವುದಿಲ್ಲ. ಅದು ತನ್ನ ಮೇಲೆ ತಾನೇ ಆಕ್ಸೈಡಿನ ಗಟ್ಟಿಯಾದ ತೆಳುಪೊರೆಯನ್ನು ಹೊದ್ದುಕೊಳ್ಳುತ್ತದೆ. ಆದರೆ ಬಟ್ಟೆ ಒಗೆಯುವ ಸೋಡಾದಂತಹ ಕ್ಷಾರ ಅದನ್ನು ಕರಗಿಸುತ್ತದೆ. ಎಂಜಿನ್ನಿನ ಜಿಡ್ಡು ತೆಗೆಯಲು ಸೋಡಾ ನೀರು ಬಳಿದು, ಅದು ಬೆಳ್ಳಗೆ ಮಚ್ಚೆ ಮಚ್ಚೆಯಾದಾಗ ಪೇಚಾಡುವವರನ್ನು ನಾನು ಕಂಡಿದ್ದೇನೆ.

ಕಬ್ಬಿಣವೂ ಅಪರೂಪಕ್ಕೆ ತನ್ನನ್ನು ತಾನೇ ಕಾದುಕೊಳ್ಳುವುದುಂಟು. ದೆಹಲಿಯ ಮೆಹರೌಲಿಯಲ್ಲಿರುವ, ಸುಮಾರು ೧೬೦೦ ವರ್ಷಗಳ ಹಿಂದಿನ ಕಬ್ಬಿಣದ ಕಂಬ ಪ್ರಸಿದ್ಧವಾದುದು. ಅದರ ಕಬ್ಬಿಣದಲ್ಲಿ ರಂಜಕದ ಅಂಶ ಹೆಚ್ಚಾಗಿರುವುದರಿಂದ ಮೈಮೇಲೆ ಬಿಗಿಯಾದ ರಕ್ಷಕಪೊರೆ ಮೂಡಿದೆಯೆಂದು ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ನಮ್ಮ ಕೊಡಚಾದ್ರಿಯಲ್ಲಿಯೂ ಮೂಲ ಮೂಕಾಂಬಿಕೆಯ ಗುಡಿಯ ಬಳಿ, ಮಲೆನಾಡಿನ ಜಡಿಮಳೆಗೆ ಮೈಯೊಡ್ಡಿಕೊಂಡು, ಎತ್ತರವಾದ ಒಂದು ಕಬ್ಬಿಣದ ಕಂಬ ನಿಂತಿದೆ. ಬಂಡಿಗಳನ್ನು ತಯಾರಿಸುವ ತೆಳು ಉಕ್ಕಿನ ತಗಡಿಗೆ ಆ ಭಾಗ್ಯವಿಲ್ಲ.

ಮಂಗಳೂರಿನಲ್ಲಿಯೋ ಕಾರವಾರದಲ್ಲಿಯೋ ಇರುವವರಿಗೆ ಹೋಲಿಸಿದರೆ ತುಮಕೂರಿನವರು ಪುಣ್ಯವಂತರು. ಅಲ್ಲಿಯ ಕಡಲಗಾಳಿಯಲ್ಲಿ ಉಪ್ಪಿರುತ್ತದೆ. ಉಪ್ಪು ಗಾಳಿಯ ತೇವವನ್ನು ಹೀರಿ, ನೀರಿನಲ್ಲಿ ವಿದ್ಯುತ್ತು ಸುಲಭವಾಗಿ ಹರಿಯುವಂತೆ ಮಾಡಿ, ತುಕ್ಕಿನ ವೇಗವನ್ನು ಹೆಚ್ಚಿಸುತ್ತದೆ. ನಮ್ಮದು ಒಣಸೀಮೆ, ಬೇಸಿಗೆಯ ತಿಂಗಳುಗಳಲ್ಲಿ ಬಯಲಲ್ಲಿಟ್ಟ ನೇಗಿಲಗುಳಕ್ಕೂ ಬೇಗ ತುಕ್ಕು ಹತ್ತದು. ಹಾಗೆಂದು ನಮ್ಮಲ್ಲಿ ಉಪ್ಪಿಲ್ಲವೆಂದು ತಿಳಿಯಬಾರದು. ಅದು ಸಮುದ್ರದಿಂದ ಬರುವುದಿಲ್ಲ, ಸೊಸೈಟಿಯಿಂದ ಬರುತ್ತದೆ! ಗುಬ್ಬಿ, ಕುಣಿಗಲ್ಲುಗಳ ಕಡೆಯ ರೈತರು ಗೊಬ್ಬರದ ಮೂಟೆಯನ್ನು ಮೋಟಾರ್ ಸೈಕಲ್ಲಿನ ಹಿಂದೆಯೋ ಟ್ಯಾಂಕಿನ ಮೇಲೆಯೋ ಹಾಕಿಕೊಂಡು ತೋಟಕ್ಕೆ ಹೋಗುವುದನ್ನು ನೀವು ದಿನವೂ ನೋಡುತ್ತೀರಿ. ಪೊಟ್ಯಾಷ್ ಎಂದು ನಾವು ಕರೆಯುವ ಗೊಬ್ಬರ ಪೊಟ್ಯಾಸಿಯಂ ಕ್ಲೋರೈಡ್ ಎಂಬ ಲವಣ. ಅಡುಗೆ ಉಪ್ಪಿನ ಸೋದರ. ಮೂಟೆಯ ಹೊಲಿಗೆಯಿಂದ ಸೋರಿದ ನಾಲ್ಕು ಕಾಳು ಸೀಟಿನ ಕೆಳಗೆ ಸೇರಿ, ರಾತ್ರಿಯ ಇಬ್ಬನಿಗೆ ಕರಗಿದರೆ, ಆ ಅಂಗೈಯಗಲ ಜಾಗ ಕಡಲತೀರವೇ ಆಗಿಬಿಡುತ್ತದೆ. ಮೂಟೆ ಸಾಗಿಸಿದ ದಿನವೇ ಆ ಭಾಗವನ್ನು ನೀರು ಹಾಕಿ ತೊಳೆದು ಒರೆಸುವುದೊಂದೇ ದಾರಿ.

ಕೊಟ್ಟಿಗೆಯಲ್ಲಿ ಬಂಡಿ ನಿಲ್ಲಿಸುವುದೂ ನಮ್ಮ ಹಳ್ಳಿಗಳಲ್ಲಿ ಸಾಮಾನ್ಯ. ಬಿಸಿಲು ಮಳೆಗಳಿಂದ ರಕ್ಷಣೆಯೇನೋ ಸಿಗುತ್ತದೆ. ಆದರೆ ಗಂಜಲದ ತೇವ, ಅದರಿಂದೇಳುವ ಅಮೋನಿಯಾ ಇವು ಲೋಹಕ್ಕೆ ಒಳ್ಳೆಯವಲ್ಲ. ತೆರೆದ ಜಗಲಿ ಕೊಟ್ಟಿಗೆಗಿಂತ ಮೇಲು. ಮರದ ಕೆಳಗೆ ನಿಲ್ಲಿಸಿದರೆ ಹಕ್ಕಿಯ ಹಿಕ್ಕೆ ಬೀಳುತ್ತದೆ. ಅದು ಒಣಗುವ ಮೊದಲೇ ಒದ್ದೆಬಟ್ಟೆಯಿಂದ ತೆಗೆಯಬೇಕು, ಬಿಟ್ಟರೆ ಬಣ್ಣದಲ್ಲಿ ಮಚ್ಚೆ ಉಳಿಯುತ್ತದೆ.

ಸೈಲೆನ್ಸರಿನ ವಿಷಯ ಮಾತ್ರ ಸ್ವಲ್ಪ ವಿಸ್ತರಿಸಿ ಹೇಳಬೇಕು. ಅದು ನನ್ನನ್ನು ಬೆರಗುಗೊಳಿಸಿದ ಸಂಗತಿ. ಮಳೆಯಲ್ಲಿ ಹೋಗದಿದ್ದರೂ ಸೈಲೆನ್ಸರುಗಳು ಒಳಗಿನಿಂದ ತೂತಾಗುವುದೇಕೆ? ಪೆಟ್ರೋಲಿನಲ್ಲಿ ಇಂಗಾಲವೂ ಜಲಜನಕವೂ ಇವೆ. ಅದು ಉರಿದಾಗ ಜಲಜನಕವು ಆಮ್ಲಜನಕದೊಡನೆ ಸೇರಿ ನೀರಾಗುತ್ತದೆ. ಲೆಕ್ಕ ಹಾಕಿ ನೋಡಿದರೆ, ಒಂದು ಲೀಟರು ಪೆಟ್ರೋಲು ಉರಿದಾಗ ಸುಮಾರು ಒಂದು ಲೀಟರಿನಷ್ಟೇ ನೀರು ಹುಟ್ಟುತ್ತದೆ! ಎಂಜಿನ್ನು ಚೆನ್ನಾಗಿ ಕಾದಿದ್ದರೆ ಇದು ಆವಿಯಾಗಿ ಹೊರಟುಹೋಗುತ್ತದೆ. ಗುಬ್ಬಿಯಿಂದ ತುಮಕೂರಿನವರೆಗೆ ಒಂದೇ ಸಮನೆ ಓಡಿದ ಬಂಡಿಯ ಸೈಲೆನ್ಸರು ಒಳಗೂ ಒಣಗಿರುತ್ತದೆ. ಮನೆಯಿಂದ ಸಂತೆಗೆ, ಸಂತೆಯಿಂದ ಮನೆಗೆ ಎರಡೆರಡು ಫರ್ಲಾಂಗು ಓಡಿಸಿ ನಿಲ್ಲಿಸುವ ಬಂಡಿಯಲ್ಲಿ ಆವಿಯು ತಣ್ಣನೆಯ ಸೈಲೆನ್ಸರಿನೊಳಗೇ ನೀರಾಗಿ ನಿಲ್ಲುತ್ತದೆ. ಕಡಿಮೆ ಓಡಿದ ಬಂಡಿ ಕಡಿಮೆ ಸವೆಯುತ್ತದೆ ಎಂಬ ನಂಬಿಕೆ ಎಲ್ಲಾ ಕಾಲದಲ್ಲಿಯೂ ನಿಜವಲ್ಲ. ಹತ್ತಿರದ ಅಂಗಡಿಗೆ ನಡೆದೇ ಹೋಗುವುದು ಸೈಲೆನ್ಸರಿಗೂ ಮೇಲು, ಹೋಗುವವನಿಗೂ ಮೇಲು.

ಪೆಟ್ರೋಲ್ ಟ್ಯಾಂಕಿನ ಒಳಮೈಗೆ ಬಣ್ಣವಿರುವುದಿಲ್ಲ. ಅರ್ಧ ಖಾಲಿಯಾದ ಟ್ಯಾಂಕಿನಲ್ಲಿ ಗಾಳಿಯಿರುತ್ತದೆ. ರಾತ್ರಿಯ ತಂಪಿಗೆ ಅದರ ತೇವ ಬೆವರಿನಂತೆ ಗೋಡೆಯಲ್ಲಿ ಮೂಡಿ, ಪೆಟ್ರೋಲಿಗಿಂತ ಭಾರವಾದ ಕಾರಣ ತಳಕ್ಕಿಳಿದು ನಿಲ್ಲುತ್ತದೆ. ೨೦೨೩ರಿಂದ ನಮ್ಮಲ್ಲಿ ಶೇಕಡ ೨೦ರಷ್ಟು ಎಥೆನಾಲ್ ಬೆರೆತ ಪೆಟ್ರೋಲು ಮಾರಾಟಕ್ಕೆ ಬಂದಿದೆ. ಎಥೆನಾಲು ನೀರನ್ನು ಹೀರಿಕೊಳ್ಳುವ ಗುಣವುಳ್ಳದ್ದು. ಹೀರಿದ ನೀರು ಮಿತಿಮೀರಿದಾಗ ಅದು ನೀರಿನೊಡನೆ ಕೂಡಿ ಪೆಟ್ರೋಲಿನಿಂದ ಬೇರೆಯಾಗಿ ತಳ ಸೇರುತ್ತದೆ. ಆದುದರಿಂದ ಬಹುದಿನ ನಿಲ್ಲಿಸಬೇಕಾದ ಹಳೆಯ ಬಂಡಿಯ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಒಂದೆರಡು ವಾರವಾದರೆ ಟ್ಯಾಂಕನ್ನು ತುಂಬಿಸಿ ನಿಲ್ಲಿಸಬೇಕು. ಹಲವು ತಿಂಗಳಾದರೆ ಮೆಕ್ಯಾನಿಕರಿಂದ ಪೂರ್ತಿಯಾಗಿ ಬಸಿಸಿ, ಒಳಗೆ ಸ್ವಲ್ಪ ಎಂಜಿನ್ ಎಣ್ಣೆಯನ್ನು ಸುತ್ತಾಡಿಸಿ ಇಡುವುದು ಕ್ಷೇಮ.

ಇಷ್ಟು ತಿಳಿದ ಮೇಲೆ ನನ್ನ ಭಾನುವಾರದ ಕ್ರಮ ಬದಲಾಯಿತು. ಈಗ ಕೆಳಗಿನಿಂದ ಪ್ರಾರಂಭಿಸುತ್ತೇನೆ. ಬಂಡಿ ನೆರಳಿನಲ್ಲಿರಬೇಕು, ಎಂಜಿನ್ನು ತಣ್ಣಗಾಗಿರಬೇಕು. ಮೊದಲು ಮಡ್ಗಾರ್ಡಿನ ಒಳಗೆ ನೀರು ಎರಚಿ ಕೆಸರನ್ನು ನೆನೆಯಲು ಬಿಡುತ್ತೇನೆ. ಒಣಗಿದ ಧೂಳನ್ನು ಬಟ್ಟೆಯಿಂದ ಒರೆಸುವುದು ದೊಡ್ಡ ತಪ್ಪು. ಧೂಳಿನಲ್ಲಿರುವ ಮರಳಿನ ಕಣ ಬಣ್ಣಕ್ಕಿಂತ ಗಟ್ಟಿ, ಒಂದೊಂದು ಒರೆತವೂ ನೂರು ಗೀರು. ನೀರಿಗೆ ಒಂದಿಷ್ಟು ಶಾಂಪೂ ಬೆರೆಸಿದರೆ ಸಾಕು. ಬಂಡಿ ತೊಳೆಯುವ ಅಂಗಡಿಗಳಲ್ಲಿ ಪಂಪಿನಿಂದ ರಭಸವಾಗಿ ನೀರು ಹೊಡೆಯುತ್ತಾರೆ. ಆ ರಭಸಕ್ಕೆ ಕೆಸರಿನ ಜೊತೆಗೆ ಚಕ್ರದ ಬೇರಿಂಗುಗಳೊಳಗಿನ ಗ್ರೀಸೂ ಹೊರಟು, ಅದರ ಜಾಗಕ್ಕೆ ನೀರು ಹೋಗುತ್ತದೆ. ಕೊನೆಯಲ್ಲಿ ಡೀಸೆಲ್ ಸಿಂಪಡಿಸಿ ಹೊಳಪು ಬರಿಸುವ ಹಳೆಯ ಪದ್ಧತಿಯನ್ನೂ ನಾನು ಒಪ್ಪುವುದಿಲ್ಲ. ಅದು ರಬ್ಬರನ್ನು ಕೆಡಿಸುತ್ತದೆ, ಸಂಜೆಯೊಳಗೆ ಊರಿನ ಧೂಳನ್ನೆಲ್ಲಾ ಅಂಟಿಸಿಕೊಳ್ಳುತ್ತದೆ.

ತೊಳೆಯುವುದಕ್ಕಿಂತ ಒಣಗಿಸುವುದು ಮುಖ್ಯ. ನಮ್ಮ ಕೊಳವೆಬಾವಿಗಳ ನೀರು ಗಡಸು; ತಾನಾಗಿ ಆರಲು ಬಿಟ್ಟರೆ ಸುಣ್ಣದ ಬಿಳಿ ಚುಕ್ಕೆಗಳು ಉಳಿಯುತ್ತವೆ. ಒಣಬಟ್ಟೆಯಿಂದ ಒರೆಸಿ, ಬಂಡಿಯನ್ನು ನಾಲ್ಕೈದು ಕಿಲೋಮೀಟರು ಓಡಿಸಿ ಬಂದರೆ ಸಂದಿಯ ನೀರು ಗಾಳಿಗೂ ಎಂಜಿನ್ನಿನ ಕಾವಿಗೂ ಹಾರಿಹೋಗುತ್ತದೆ. ಒದ್ದೆ ಬಂಡಿಗೆ ಪ್ಲಾಸ್ಟಿಕ್ ಹೊದಿಕೆ ಹಾಕಿ ನೆಲದವರೆಗೂ ಇಳಿಬಿಡುವುದರಿಂದ ಒಳಗೆ ಆವಿ ಸೆರೆಯಾಗುತ್ತದೆ. ಹೊದಿಸಲೇಬೇಕೆಂದಿದ್ದರೆ ಗಾಳಿಯಾಡುವ ಹತ್ತಿಬಟ್ಟೆ ಇರಲಿ.

ಬಣ್ಣದ ಮೇಲೆ ವರ್ಷಕ್ಕೆ ಮೂರು ನಾಲ್ಕು ಸಲ ಮೇಣದ ಪಾಲಿಷ್ ಹಚ್ಚಿದರೆ ನೀರು ನಿಲ್ಲದೆ ಉರುಳಿಹೋಗುತ್ತದೆ. ಕೊಬ್ಬರಿ ಎಣ್ಣೆಯನ್ನು ನಾನು ಈಗ ಕ್ರೋಮಿಯಂ ಭಾಗಗಳಿಗೆ ಮಾತ್ರ, ಅದೂ ಮಳೆಗಾಲದಲ್ಲಿ, ಒರೆಸಿದೆನೋ ಇಲ್ಲವೋ ಎನ್ನುವಷ್ಟು ತೆಳುವಾಗಿ ಹಚ್ಚುತ್ತೇನೆ. ಕ್ರೋಮಿಯಂ ಮೇಲೆ ತುಕ್ಕಿನ ಚುಕ್ಕೆಗಳು ಕಂಡರೆ, ಅಡುಗೆಮನೆಯ ಅಲ್ಯೂಮಿನಿಯಂ ಕಾಗದವನ್ನು ಉಂಡೆಮಾಡಿ, ನೀರಿನಲ್ಲಿ ಅದ್ದಿ ಮೆಲ್ಲಗೆ ಉಜ್ಜಿದರೆ ಹೋಗುತ್ತವೆ. ಅಲ್ಯೂಮಿನಿಯಂ ಕ್ರೋಮಿಯಮ್ಮಿಗಿಂತ ಮೆದುವಾದುದರಿಂದ ಗೀರು ಬೀಳುವುದಿಲ್ಲ. ಹುಣಿಸೆಹಣ್ಣೂ ತುಕ್ಕನ್ನು ಬಿಡಿಸುತ್ತದೆ. ಆದರೆ ಅದರ ಹುಳಿ ಸಂದಿಯಲ್ಲಿ ಉಳಿದರೆ ಹೊಸ ತುಕ್ಕಿಗೆ ದಾರಿ. ಕಂಚಿನ ದೀಪಕ್ಕೆ ಅದು ಇರಲಿ. ಬಣ್ಣ ಎದ್ದ ಕಡೆ ಉಪ್ಪುಕಾಗದದಿಂದ ಹೊಳೆಯುವ ಲೋಹ ಕಾಣುವವರೆಗೂ ತಿಕ್ಕಿ, 'ರೆಡ್ ಆಕ್ಸೈಡ್' ಪ್ರೈಮರ್ ಹಚ್ಚಿ, ಅದು ಒಣಗಿದ ಮೇಲೆಯೇ ಬಣ್ಣ ಹಚ್ಚಬೇಕು. ತುಕ್ಕಿನಿಂದ ಕಾಪಾಡುವ ಆ ಪ್ರೈಮರಿನ ಕೆಂಪಿಗೆ ಕಾರಣವೂ ಕಬ್ಬಿಣದ ಆಕ್ಸೈಡೇ ಎಂಬುದು ಒಂದು ತಮಾಷೆ.

ಕೊನೆಯದಾಗಿ ಕೇಬಲ್ಲು. ಅದಕ್ಕೆ ಖರ್ಚಾಗುವುದು ಒಂದು ಚಮಚ ಎಣ್ಣೆ, ಒಂದು ರಾತ್ರಿ. ಮಳೆಗಾಲದ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ, ದೊಡ್ಡವರೊಬ್ಬರ ಸಹಾಯದಿಂದ ಹಿಡಿಕೆಯ ಬಳಿ ಕೇಬಲ್ಲಿನ ತುದಿಯನ್ನು ಬಿಡಿಸಿಕೊಳ್ಳಬೇಕು. ತುದಿಯ ಎಳೆಗಳಲ್ಲಿ ಒಂದು ಎದ್ದಿದ್ದರೂ, ಮಿಕ್ಕವು ಎಷ್ಟೇ ಗಟ್ಟಿಯಾಗಿ ಕಂಡರೂ, ಕೇಬಲ್ಲನ್ನೇ ಬದಲಾಯಿಸಬೇಕು. ಎಲ್ಲವೂ ನೆಟ್ಟಗಿದ್ದರೆ ದಪ್ಪ ಪ್ಲಾಸ್ಟಿಕ್ ಹಾಳೆಯ ಒಂದು ಚೂರನ್ನು ಆಲಿಕೆಯಂತೆ ಸುತ್ತಿ, ಕೊಳವೆಯ ಬಾಯಿಗೆ ದಾರದಿಂದ ಬಿಗಿದು ಕಟ್ಟಿ, ಅದರಲ್ಲಿ ತೆಳುವಾದ ಎಂಜಿನ್ ಎಣ್ಣೆಯನ್ನು ತುಂಬಿ ಬಿಡಬೇಕು. ಕೆಳತುದಿಯ ಅಡಿಯಲ್ಲಿ ಒಂದು ಬಿಳಿಯ ಚಿಂದಿಬಟ್ಟೆ ಇಡಬೇಕು. ಎಣ್ಣೆ ಬ್ರೇಕಿನ ಡ್ರಮ್ಮಿನೊಳಗೆ ಇಳಿಯದಂತೆ ಆ ತುದಿಯನ್ನು ಬಿಚ್ಚಿ ಪಕ್ಕಕ್ಕೆ ತಿರುಗಿಸಿರಬೇಕು. ಬೆಳಿಗ್ಗೆ ಎದ್ದು ನೋಡಿದರೆ ಎಣ್ಣೆ ಹನಿಹನಿಯಾಗಿ ಬಟ್ಟೆಯ ಮೇಲೆ ಇಳಿದಿರುತ್ತದೆ. ಮೊದಲ ಹನಿಗಳು ಸಾಮಾನ್ಯವಾಗಿ ಕೆಮ್ಮಣ್ಣಿನ ಬಣ್ಣವಾಗಿರುತ್ತವೆ. ಹನಿ ತಿಳಿಯಾಗುವವರೆಗೂ ಮೇಲಿನಿಂದ ಎಣ್ಣೆ ಬಿಡುತ್ತಲೇ ಇರಬೇಕು.